‘ಬ್ರೆಜಿಲಿನಲ್ಲಿ ಮೊದಲ ಬಲಿಪೂಜೆ’: ಈ ಚಿತ್ರವನ್ನು ತರಗತಿಯಲ್ಲಿ ತೋರಿಸಬಹುದೇ?

ಪ್ರಶ್ನೆ: ನಾನು ಕಾರವಾರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹತ್ತನೆಯ ತರಗತಿಯ ‘ಭಾರತಕ್ಕೆ ಯುರೋಪಿಯನ್ನರ ಆಗಮನ’ ಪಾಠಕ್ಕೆ ಪೂರಕವಾಗಿ ಮಕ್ಕಳೊಂದಿಗೆ ಒಂದು ಭಿತ್ತಿಪತ್ರ ಪ್ರದರ್ಶನ ಸಿದ್ಧಪಡಿಸುತ್ತಿದ್ದೇನೆ. 1500ರಲ್ಲಿ ಬ್ರೆಜಿಲ್ ತೀರವನ್ನು ಮುಟ್ಟಿದ ಪೋರ್ಚುಗೀಸ್ ನೌಕಾನಾಯಕ ಕಬ್ರಾಲನ ಹಡಗುಗಳೇ ಅದೇ ವರ್ಷ ನಮ್ಮೂರಿನ ಎದುರಿಗಿರುವ ಅಂಜುದೀವ ದ್ವೀಪದಲ್ಲಿ ಲಂಗರು ಹಾಕಿದ್ದವೆಂದು ತಿಳಿದು ಮಕ್ಕಳು ಬಹಳ ಉತ್ಸಾಹಗೊಂಡಿದ್ದಾರೆ. ಅದಕ್ಕಾಗಿ ‘ಬ್ರೆಜಿಲಿನಲ್ಲಿ ಮೊದಲ ಬಲಿಪೂಜೆ’ (ಬಲಿಪೂಜೆ ಎಂದರೆ ಕ್ರೈಸ್ತರ ‘ಮಾಸ್’ ಆರಾಧನೆ) ಎಂಬ ದೊಡ್ಡ ತೈಲಚಿತ್ರದ ಪ್ರತಿಯೊಂದನ್ನು ಆರಿಸಿಕೊಂಡೆ. ಆದರೆ ಸಹೋದ್ಯೋಗಿಗಳಲ್ಲೇ ಭಿನ್ನಾಭಿಪ್ರಾಯ ಬಂದಿದೆ. ಹಡಗಿನಲ್ಲಿದ್ದವರೊಬ್ಬರು ಕಣ್ಣಾರೆ ಕಂಡು ಬರೆದ ಪತ್ರದ ಪ್ರಕಾರವೇ ಅದನ್ನು ರಚಿಸಿದ್ದಾರೆ, ಆದ್ದರಿಂದ ಅದು ದಾಖಲೆಗೆ ಸಮ ಎಂದು ಒಬ್ಬರು ಹೇಳುತ್ತಾರೆ. ಅದು ಫ್ರೆಂಚ್ ಚಿತ್ರವೊಂದರ ನಕಲು, ಅದರಲ್ಲಿ ಸತ್ಯವೇನೂ ಇಲ್ಲ ಎಂದು ಇನ್ನೊಬ್ಬರ ವಾದ. ಶಾಲೆಯ ಗೋಡೆಯ ಮೇಲೆ ಒಂದು ಧರ್ಮದ ಪೂಜೆಯ ಚಿತ್ರವೇಕೆ ಎಂದು ಪೋಷಕರೊಬ್ಬರು ಕೇಳಿದ್ದಾರೆ. ಚಿತ್ರದಲ್ಲಿರುವ ಮೂಲನಿವಾಸಿಗಳು ನಿಜವಾಗಿಯೂ ಹಾಗೆ ಭಕ್ತಿಯಿಂದ ನೋಡುತ್ತಿದ್ದರೇ ಎಂಬುದು ನನ್ನದೇ ಪ್ರಶ್ನೆ. ಮಕ್ಕಳ ತಲೆಯಲ್ಲಿ ಸುಳ್ಳೊಂದನ್ನು ಕೂರಿಸಿಬಿಡುತ್ತೇನೆಯೋ ಎಂಬ ಅಳುಕಿದೆ. ಈ ಚಿತ್ರವನ್ನು ಬಳಸಬಹುದೇ? ಬಳಸುವುದಾದರೆ ಅಡಿಬರಹ ಹೇಗಿರಬೇಕು?

ಉತ್ತರ: ನಿಮ್ಮ ಅಳುಕಿಗೆ ಕಾರಣವಿದೆ. ಇಂಥ ಚಿತ್ರಗಳನ್ನು ಬಹುಕಾಲ ಬೋಧಿಸಿದವನಾಗಿ, ಪ್ರದರ್ಶನಗಳಿಗೆ ಅಡಿಬರಹ ಬರೆದುಕೊಟ್ಟವನಾಗಿ ನಾನು ಕಂಡಂತೆ, ಜನ ಚಿತ್ರವನ್ನು ನೆನಪಿಟ್ಟುಕೊಳ್ಳುತ್ತಾರೆ, ಅದರ ಕೆಳಗೆ ಬರೆದದ್ದನ್ನು ಮರೆಯುತ್ತಾರೆ. ನಿಮ್ಮ ಇಬ್ಬರು ಸಹೋದ್ಯೋಗಿಗಳ ಮಾತಿನಲ್ಲಿಯೂ ಒಂದೊಂದು ತುಣುಕು ನಿಜವಿದೆ, ಇಬ್ಬರ ತೀರ್ಮಾನವೂ ನಿಲ್ಲುವುದಿಲ್ಲ. ಚಿತ್ರವನ್ನು ಬಳಸಿ ಎಂಬುದೇ ನನ್ನ ಸಲಹೆ. ಆದರೆ ಅದು 1500ರ ಸಾಕ್ಷಿಯಲ್ಲ, 1860ರ ಸಾಕ್ಷಿ ಎಂಬುದನ್ನು ಮೊದಲು ನಿಮ್ಮಲ್ಲಿ ಖಚಿತಪಡಿಸಿಕೊಳ್ಳಬೇಕು. ಉಳಿದೆಲ್ಲ ಅದರಿಂದಲೇ ಹೊರಡುತ್ತದೆ.

ಚಿತ್ರಕಾರ ವಿಕ್ತೋರ್ ಮೈರೆಲೆಸ್. ದಕ್ಷಿಣ ಬ್ರೆಜಿಲಿನ ದೆಸ್ತೆರೊ ಎಂಬ ಊರಿನಲ್ಲಿ, ಅಂದರೆ ಇಂದಿನ ಫ್ಲೊರಿಯಾನೊಪೊಲಿಸ್‌ನಲ್ಲಿ, 1832ರಲ್ಲಿ ಹುಟ್ಟಿದವರು. ರಿಯೊ ದಿ ಜನೈರೊದ ಇಂಪೀರಿಯಲ್ ಕಲಾ ಅಕಾಡೆಮಿಯಲ್ಲಿ ಕಲಿತು, 1852ರಲ್ಲಿ ವಿದೇಶ ವ್ಯಾಸಂಗದ ಬಹುಮಾನ ಗೆದ್ದು, ಮೊದಲು ರೋಮ್‌ನಲ್ಲಿ, ನಂತರ ಪ್ಯಾರಿಸ್‌ನಲ್ಲಿ ಸರ್ಕಾರದ ವೇತನದ ಮೇಲೆ ಅಭ್ಯಾಸ ಮಾಡಿದರು. ಈ ಚಿತ್ರ ಪ್ಯಾರಿಸ್‌ನಲ್ಲಿ ರಚಿತವಾದದ್ದು, ಮುಗಿದದ್ದು 1860ರಲ್ಲಿ. ಎತ್ತರ 268 ಸೆಂಟಿಮೀಟರ್, ಅಗಲ 356 ಸೆಂಟಿಮೀಟರ್. ಎದುರಿಗೆ ನಿಂತವರಿಗೆ ಕಣ್ಣು ತುಂಬುವ ಅಳತೆ. 1861ರಲ್ಲಿ ಪ್ಯಾರಿಸ್ಸಿನ ಅಧಿಕೃತ ಕಲಾಪ್ರದರ್ಶನವಾದ ‘ಸಲೋನ್’ಗೆ ಆಯ್ಕೆಯಾಯಿತು. ಬ್ರೆಜಿಲಿನ ಚಿತ್ರಕಾರರೊಬ್ಬರಿಗೆ ಆ ಪ್ರವೇಶ ದೊರೆತದ್ದು ಅದೇ ಮೊದಲು. ಅದೇ ವರ್ಷ ಕಲಾವಿದರು ಊರಿಗೆ ಮರಳಿದಾಗ ಚಕ್ರವರ್ತಿ ಎರಡನೆಯ ಪೆದ್ರೊ ಅವರಿಂದ ಗೌರವ ಪದವಿ ದೊರೆಯಿತು. ಮೂಲಚಿತ್ರ ರಿಯೊದ ರಾಷ್ಟ್ರೀಯ ಲಲಿತಕಲಾ ಸಂಗ್ರಹಾಲಯದ್ದು. ಘಟನೆಗೂ ಚಿತ್ರಕ್ಕೂ ನಡುವೆ 360 ವರ್ಷಗಳ ಅಂತರವಿದೆ. ಮಕ್ಕಳಿಗೆ ಮೊದಲು ಹೇಳಬೇಕಾದ ಮಾತು ಇದು.

ಪತ್ರದ ವಿಷಯಕ್ಕೆ ಬರೋಣ. ಕಬ್ರಾಲನ ನೌಕಾಪಡೆಯಲ್ಲಿ ಬರಹಗಾರನಾಗಿದ್ದ ಪೇರೊ ವಾಜ್ ದೆ ಕಾಮಿನ್ಯ ಎಂಬವನು 1500ರ ಮೇ 1ರ ದಿನಾಂಕ ಹಾಕಿ ಪೋರ್ಚುಗಲ್ ದೊರೆ ಮಾನುವೆಲ್‌ಗೆ ದೀರ್ಘವಾದ ಪತ್ರವೊಂದನ್ನು ಬರೆದ. ಅದು ನಿಜವಾದ ಪತ್ರ, ಅವನು ಕಣ್ಣಾರೆ ಕಂಡು ಬರೆದದ್ದೂ ನಿಜ. ಆದರೆ ಅದು ಲಿಸ್ಬನ್ನಿನ ದಫ್ತರಖಾನೆಯಲ್ಲಿ ಶತಮಾನಗಳ ಕಾಲ ಯಾರ ಗಮನಕ್ಕೂ ಬಾರದೆ ಬಿದ್ದಿತ್ತು. 1773ರಲ್ಲಿ ಮತ್ತೆ ಪತ್ತೆಯಾಗಿ, ಮೊದಲ ಬಾರಿಗೆ ಅಚ್ಚಾದದ್ದು 1817ರಲ್ಲಿ, ರಿಯೊ ದಿ ಜನೈರೊದಲ್ಲಿ. ಅಂದರೆ ಮೈರೆಲೆಸ್ ಕುಂಚ ಹಿಡಿಯುವ ಹೊತ್ತಿಗೆ ಅದು ಸಾರ್ವಜನಿಕರ ಕೈಗೆ ಬಂದು ಇನ್ನೂ ಅರ್ಧ ಶತಮಾನ ಕೂಡ ಆಗಿರಲಿಲ್ಲ. ಅಕಾಡೆಮಿಯ ನಿರ್ದೇಶಕರಾಗಿದ್ದ ಮಾನುವೆಲ್ ದೆ ಅರೌಜೊ ಪೋರ್ಟೊ-ಅಲೆಗ್ರೆ ಅವರು ಪ್ಯಾರಿಸ್‌ನಲ್ಲಿದ್ದ ಈ ತರುಣನಿಗೆ ಕಾಗದ ಬರೆದು, ಕಾಮಿನ್ಯನನ್ನು ಮತ್ತೆ ಮತ್ತೆ ಓದು ಎಂದು ತಾಕೀತು ಮಾಡಿದ್ದರು. ಚಿತ್ರದ ಹಿಂದೆ ಪತ್ರವಿದೆ ಎಂದ ನಿಮ್ಮ ಸಹೋದ್ಯೋಗಿಯ ಮಾತು ಅಷ್ಟರ ಮಟ್ಟಿಗೆ ಸರಿ.

ಆದರೆ ಪತ್ರವನ್ನೂ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮೊದಲ ತೊಡಕು ಶೀರ್ಷಿಕೆಯಲ್ಲಿಯೇ ಕಾಣುತ್ತದೆ. ಚಿತ್ರದಲ್ಲಿರುವುದು ಮೊದಲ ಬಲಿಪೂಜೆಯಲ್ಲ. ಹಡಗುಗಳು ಭೂಮಿಯನ್ನು ಕಂಡದ್ದು ಏಪ್ರಿಲ್ 22ರಂದು. ಮೊದಲ ಬಲಿಪೂಜೆ ನಡೆದದ್ದು ಏಪ್ರಿಲ್ 26ರಂದು, ಈಸ್ಟರ್ ಹಬ್ಬದ ನಂತರದ ಭಾನುವಾರ, ಕೊರೊವಾ ವೆರ್ಮೆಲ್ಯ ಎಂಬಲ್ಲಿನ ಸಣ್ಣ ದ್ವೀಪದ ಮೇಲೆ. ಪೂಜೆ ಸಲ್ಲಿಸಿದವರು ಫ್ರಾನ್ಸಿಸ್ಕನ್ ಎಂಬ ಕ್ರೈಸ್ತ ಸನ್ಯಾಸಿ ಸಭೆಯ ಗುರು ಎನ್ರಿಕೆ ದೆ ಕೊಯಿಂಬ್ರ. ಆ ದಿನ ಸ್ಥಳೀಯರು ಎದುರಿನ ದಡದಲ್ಲಿದ್ದರು. ಪೂಜೆ ಮುಗಿದು ಪೋರ್ಚುಗೀಸರು ಪ್ರವಚನ ಕೇಳುತ್ತ ಕುಳಿತಿದ್ದಾಗ ಅವರಲ್ಲಿ ಹಲವರು ಎದ್ದು ಕೊಂಬು ಊದಿ ಕುಣಿಯತೊಡಗಿದರೆಂದು ಕಾಮಿನ್ಯ ಬರೆಯುತ್ತಾನೆ. ದೊಡ್ಡ ಮರದ ಶಿಲುಬೆಯನ್ನು ನೆಟ್ಟು, ಅದರ ಬುಡದಲ್ಲಿ ಬಲಿಪೀಠ ಹೂಡಿ, ಸ್ಥಳೀಯರ ನಡುವೆಯೇ ಪೂಜೆ ನಡೆದದ್ದು ಮೇ 1ರ ಶುಕ್ರವಾರ, ಮುಖ್ಯ ನೆಲದ ಮೇಲೆ. ಮೈರೆಲೆಸ್ ಚಿತ್ರಿಸಿದ್ದು ಈ ಎರಡನೆಯದನ್ನು. ಕುಂಚ ಹಿಡಿದವನ ದೃಷ್ಟಿಯಿಂದ ಇದು ಸಹಜವಾದ ಆಯ್ಕೆ: ಮೊದಲನೆಯದರಲ್ಲಿ ನೋಡುವವರು ಒಂದು ದಡದಲ್ಲಿ, ಪೂಜೆ ಇನ್ನೊಂದು ದಡದಲ್ಲಿ, ಎರಡನೆಯದರಲ್ಲಿ ಎರಡು ಜನಾಂಗಗಳು ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ. ‘ಮೊದಲ’ ಎಂಬ ಹೆಸರನ್ನು ಅದಕ್ಕೆ ಕೊಟ್ಟದ್ದು ಮಾತ್ರ ಇತಿಹಾಸವಲ್ಲ, ರಾಷ್ಟ್ರಕಥನದ ಅಗತ್ಯ.

ಚಿತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬೆಳಕೆಲ್ಲ ನಡುವಿನ ಬಲಿಪೀಠದ ಮೇಲೆ, ಶಿಲುಬೆಯ ಮೇಲೆ, ಕೈಗಳನ್ನು ಮೇಲೆತ್ತಿ ನಿಂತ ಗುರುವಿನ ಪೂಜಾವಸ್ತ್ರದ ಮೇಲೆ ಬಿದ್ದಿದೆ. ಪೂಜೆಯಲ್ಲಿ ಅರ್ಪಣೆಯನ್ನು, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸವನ್ನು, ಎತ್ತಿ ತೋರಿಸುವ ಘಳಿಗೆ ಅದು. ಕ್ರೈಸ್ತ ವಿದ್ಯಾರ್ಥಿಗಳು ನಿಮ್ಮ ತರಗತಿಯಲ್ಲಿದ್ದರೆ ನೀವು ಹೇಳುವ ಮೊದಲೇ ಅವರು ಅದನ್ನು ಗುರುತಿಸುತ್ತಾರೆ. ಸುತ್ತಲೂ ಮಂಡಿಯೂರಿದ ಗುರುಗಳು ಮತ್ತು ಪೋರ್ಚುಗೀಸರು. ಮುನ್ನೆಲೆಯಲ್ಲಿ, ನೆರಳಿನಲ್ಲಿ, ಮೂಲನಿವಾಸಿಗಳು: ಕುಳಿತವರು, ಒರಗಿದವರು, ಒಬ್ಬರಿಗೊಬ್ಬರು ಏನನ್ನೋ ತೋರಿಸಿ ಮಾತಾಡುತ್ತಿರುವವರು. ನೋಡುಗನಾದ ನೀವು ಅವರ ಹಿಂದೆ ನಿಂತು, ಅವರ ತಲೆಗಳ ಮೇಲಿನಿಂದ ಬಲಿಪೀಠವನ್ನು ನೋಡುವಂತೆ ಕಲಾವಿದ ನಿಮ್ಮನ್ನು ನಿಲ್ಲಿಸಿದ್ದಾನೆ. ಇದು ಅಸಾಧಾರಣ ಕೌಶಲದ ಸಂಯೋಜನೆ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಈಗ ಪತ್ರ ಏನು ಹೇಳುತ್ತದೆ ನೋಡಿ. ಮೇ 1ರ ಪೂಜೆಯಲ್ಲಿ ಐವತ್ತು ಅರವತ್ತು ಮಂದಿ ಸ್ಥಳೀಯರು ತಮ್ಮಂತೆಯೇ ಮಂಡಿಯೂರಿದ್ದರು. ಶುಭಸಂದೇಶ (ಬೈಬಲಿನ ಯೇಸುಚರಿತೆಯ ಭಾಗ) ಓದುವಾಗ ತಾವೆಲ್ಲ ಎದ್ದು ಕೈಯೆತ್ತಿದಾಗ ಅವರೂ ಎದ್ದು ಕೈಯೆತ್ತಿದರು, ತಾವು ಕುಳಿತಾಗ ಅವರೂ ಕುಳಿತರು. ಅರ್ಪಣೆಯನ್ನು ಎತ್ತುವಾಗ ಅವರೆಲ್ಲ ಕೈಯೆತ್ತಿ ಎಷ್ಟು ನಿಶ್ಶಬ್ದವಾಗಿದ್ದರೆಂದರೆ ತಮ್ಮ ಭಕ್ತಿಯೇ ಹೆಚ್ಚಿತು ಎಂದು ಅವನು ಬರೆಯುತ್ತಾನೆ. ಕಾಮಿನ್ಯನ ಪುಟದಲ್ಲಿ ಸ್ಥಳೀಯರು ಪೋರ್ಚುಗೀಸರ ಸಾಲಿನಲ್ಲಿಯೇ ಇದ್ದಾರೆ. ಮೈರೆಲೆಸ್ ಅವರನ್ನು ಹೊರವೃತ್ತಕ್ಕೆ ಸರಿಸಿ, ಬೆರಗಿನಿಂದ ನೋಡುವ ಪ್ರೇಕ್ಷಕರನ್ನಾಗಿ ಮಾಡಿದರು. ಆ ಜನ ಸಂಪೂರ್ಣ ಬೆತ್ತಲಾಗಿದ್ದರೆಂದೂ ಮೈಗೆ ಕಪ್ಪು ಮತ್ತು ಕೆಂಪು ಬಣ್ಣ ಬಳಿದುಕೊಂಡಿದ್ದರೆಂದೂ ಪತ್ರ ಹೇಳಿದರೆ, ಚಿತ್ರದಲ್ಲಿ ಗರಿಗಳ ಉಡುಗೆಯೂ ಸೊಂಟದ ಬಟ್ಟೆಯೂ ಬಂದಿವೆ, ಮೈಬಣ್ಣದ ಚಿತ್ತಾರ ಬಹುಮಟ್ಟಿಗೆ ಮಾಯವಾಗಿದೆ. ಸಲೋನಿನ ಸಭ್ಯತೆಗೂ ಅಕಾಡೆಮಿಯ ಅಂಗರಚನಾ ಪಾಠಕ್ಕೂ ಅದು ಒಗ್ಗುತ್ತಿರಲಿಲ್ಲ.

ಇನ್ನೊಂದು ವಿವರ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ, ಮಕ್ಕಳಿಗೂ ಅದು ತಟ್ಟುತ್ತದೆ. ಶಿಲುಬೆಗಾಗಿ ಬಡಗಿಗಳು ಮರ ಕಡಿದು ಕೆತ್ತುತ್ತಿದ್ದಾಗ ಸ್ಥಳೀಯರು ಬಹಳ ಮಂದಿ ಬಂದು ಸುತ್ತುವರಿದರು. ಅವರು ಬಂದದ್ದು ಶಿಲುಬೆಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಅದನ್ನು ಮಾಡುತ್ತಿದ್ದ ಕಬ್ಬಿಣದ ಉಪಕರಣಗಳನ್ನು ನೋಡಲು ಎಂದು ತನಗೆ ತೋರುತ್ತದೆಂದು ಕಾಮಿನ್ಯನೇ ಬರೆದಿದ್ದಾನೆ. ಏಕೆಂದರೆ ಅವರಲ್ಲಿ ಕಬ್ಬಿಣವಿರಲಿಲ್ಲ; ಕೋಲುಗಳ ನಡುವೆ ಬಿಗಿದು ಕಟ್ಟಿದ ಕಲ್ಲಿನ ಅಲಗುಗಳಿಂದ ಅವರು ಮರ ಕಡಿಯುತ್ತಿದ್ದರು. ಕೊಡಲಿಯೊಂದು ಇಡೀ ದಿನದ ಕೆಲಸವನ್ನು ಗಳಿಗೆಯಲ್ಲಿ ಮುಗಿಸುವುದನ್ನು ಕಂಡ ಜನರ ಆ ಕುತೂಹಲ ಯಾರಿಗೂ ಅರ್ಥವಾಗುವಂಥದ್ದು. ಚಿತ್ರದಲ್ಲಿ ಶಿಲುಬೆ ಆಗಲೇ ಎದ್ದು ನಿಂತಿದೆ, ಕೊಡಲಿಯ ಸುದ್ದಿಯಿಲ್ಲ. ಬೆರಗು ಉಳಿದುಕೊಂಡಿದೆ, ಬೆರಗಿನ ಕಾರಣ ಬದಲಾಗಿದೆ.

ಸ್ಥಳೀಯರು ನಿಜವಾಗಿಯೂ ಭಕ್ತಿಯಿಂದ ನೋಡುತ್ತಿದ್ದರೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರವನ್ನು ಇಲ್ಲಿಂದಲೇ ಕಟ್ಟಿಕೊಳ್ಳಬಹುದು. ಅವರು ಮಂಡಿಯೂರಿದ್ದು ನಡೆದ ಸಂಗತಿಯಾಗಿರಬಹುದು. ಅದಕ್ಕೆ ಕೊಟ್ಟ ಅರ್ಥ ಬರೆದವನದು. ಇಬ್ಬರ ನಡುವೆ ಸಾಮಾನ್ಯ ಭಾಷೆಯೇ ಇರಲಿಲ್ಲ, ಎಲ್ಲವೂ ಕೈಸನ್ನೆ. ಪರಸ್ಪರರ ಮಾತು ತಿಳಿಯುವಂತಿದ್ದರೆ ಇವರು ಕೂಡಲೇ ಕ್ರೈಸ್ತರಾಗುತ್ತಿದ್ದರು ಎಂದು ಕಾಮಿನ್ಯ ಬರೆಯುತ್ತಾನೆ, ಅಂದರೆ ಮಾತು ತಿಳಿಯುತ್ತಿರಲಿಲ್ಲ ಎಂದು ಅವನೇ ಒಪ್ಪುತ್ತಾನೆ. ಬಿಸಿಲು ಹೆಚ್ಚಾಗಿ ಕೆಲವರು ಎದ್ದುಹೋದ ಮೇಲೆ ಐವತ್ತು ಐವತ್ತೈದರ ವಯಸ್ಸಿನವನೊಬ್ಬ ಅಲ್ಲೇ ಉಳಿದು, ಇತರರನ್ನು ಕರೆದು, ಅವರ ನಡುವೆ ಓಡಾಡುತ್ತ ಮಾತಾಡಿ, ಬೆರಳಿನಿಂದ ಮೊದಲು ಬಲಿಪೀಠವನ್ನೂ ನಂತರ ಆಕಾಶವನ್ನೂ ತೋರಿಸಿದನೆಂಬ ವರ್ಣನೆ ಪತ್ರದಲ್ಲಿದೆ. ಪೋರ್ಚುಗೀಸರು ಅದನ್ನು ಒಳ್ಳೆಯ ಶಕುನವೆಂದು ತಿಳಿದರು. ಆ ಹಿರಿಯ ನಿಜವಾಗಿ ಏನು ಹೇಳಿದ ಎಂಬುದನ್ನು ಬರೆದಿಡುವ ಅವಕಾಶ ಅವನ ಜನಕ್ಕೆ ಸಿಗಲಿಲ್ಲ. ತಮ್ಮ ನೆಲಕ್ಕೆ ಬಂದ ಅತಿಥಿಗಳು ಮಾಡಿದ್ದನ್ನು ತಾವೂ ಮಾಡುವುದು ಸೌಜನ್ಯವಾಗಿರಬಹುದು, ಕುತೂಹಲವಾಗಿರಬಹುದು. ಒಂದು ಧರ್ಮದ ಸ್ವೀಕಾರ ಎಂದು ಅದನ್ನು ಓದಲು ಆಧಾರವಿಲ್ಲ. ಜೊತೆಗೆ, ಈ ಪತ್ರ ತನ್ನ ದೊರೆಯನ್ನು ಮೆಚ್ಚಿಸಬೇಕಾದ ನೌಕರನೊಬ್ಬನ ಬರಹ. ಗಡೀಪಾರಾಗಿ ಸಾವೊ ತೊಮೆ ದ್ವೀಪದಲ್ಲಿದ್ದ ತನ್ನ ಅಳಿಯನನ್ನು ಕರೆಸಿಕೊಡಬೇಕೆಂಬ ವೈಯಕ್ತಿಕ ಕೋರಿಕೆಯೊಂದಿಗೆ ಅದು ಮುಗಿಯುತ್ತದೆ. ಹಾಗೆಂದು ಪತ್ರ ಸುಳ್ಳಾಗುವುದಿಲ್ಲ. ಕಣ್ಣಾರೆ ಕಂಡವರು ಕೂಡ ಒಂದು ಜಾಗದಲ್ಲಿ ನಿಂತೇ ನೋಡುತ್ತಾರೆ ಎಂಬುದಕ್ಕೆ ಹತ್ತನೆಯ ತರಗತಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೈರೆಲೆಸ್ ಏಕೆ ಹೀಗೆ ಚಿತ್ರಿಸಿದರು? ಬ್ರೆಜಿಲ್ 1822ರಲ್ಲಿ ಪೋರ್ಚುಗಲ್ಲಿನಿಂದ ಸ್ವತಂತ್ರವಾಯಿತು. ಆದರೆ ಸಿಂಹಾಸನದ ಮೇಲೆ ಕುಳಿತವರು ಪೋರ್ಚುಗಲ್ ರಾಜವಂಶದವರೇ. ತಮ್ಮ ದೇಶ ಹಳೆಯದು, ಅದಕ್ಕೊಂದು ಜನ್ಮದಿನವಿದೆ, ಆ ಜನ್ಮ ರಕ್ತಪಾತದಿಂದಲ್ಲ, ಪ್ರಾರ್ಥನೆಯಿಂದ ಆಯಿತು ಎಂದು ಹೇಳುವ ಕಥೆ ಆ ಅರಸೊತ್ತಿಗೆಗೆ ಬೇಕಿತ್ತು. 1838ರಲ್ಲಿ ಸ್ಥಾಪನೆಯಾದ ಬ್ರೆಜಿಲಿನ ಇತಿಹಾಸ ಮತ್ತು ಭೂಗೋಳ ಸಂಸ್ಥೆ ಹಳೆಯ ದಾಖಲೆಗಳನ್ನು ಕಲೆಹಾಕಿ ರಾಷ್ಟ್ರದ ಚರಿತ್ರೆಗೆ ತಳಹದಿ ಹಾಕಿತು, ಅಕಾಡೆಮಿ ಅದಕ್ಕೆ ರೂಪ ಕೊಟ್ಟಿತು. ಆ ಕಾಲದ ಕವಿಗಳೂ ಕಾದಂಬರಿಕಾರರೂ ಮೂಲನಿವಾಸಿಯನ್ನು ದೇಶದ ಉದಾತ್ತ ಪೂರ್ವಜನೆಂದು ಕೊಂಡಾಡುತ್ತಿದ್ದರು. ಅದೇ ಕಾಲದಲ್ಲಿ ಕಾಡಿನೊಳಗೆ ಜೀವಂತವಾಗಿದ್ದ ಮೂಲನಿವಾಸಿಗಳು ನೆಲ ಕಳೆದುಕೊಳ್ಳುತ್ತಿದ್ದರು. ಇನ್ನೊಂದು ಮಾತು: 1860ರಲ್ಲಿ ಬ್ರೆಜಿಲಿನಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿತ್ತು, ಅದು ರದ್ದಾದದ್ದು 1888ರಲ್ಲಿ. ದೇಶದ ಹುಟ್ಟನ್ನು ಪೋರ್ಚುಗೀಸರು ಮತ್ತು ಮೂಲನಿವಾಸಿಗಳ ಭೇಟಿಯಾಗಿ ಚಿತ್ರಿಸಿದಾಗ, ಆಗಿನ ಜನಸಂಖ್ಯೆಯಲ್ಲಿ ದೊಡ್ಡ ಪಾಲಾಗಿದ್ದ ಆಫ್ರಿಕಾ ಮೂಲದವರು ಕಥೆಯಿಂದಲೇ ಹೊರಗುಳಿದರು. 1500ರ ಆ ದಡದಲ್ಲಿ ಅವರಿರಲಿಲ್ಲ ಎಂಬುದು ಸರಿ. ಯಾವ ದಿನವನ್ನು ಹುಟ್ಟಿದ ದಿನವೆಂದು ಆರಿಸಿಕೊಳ್ಳುತ್ತೇವೆ ಎಂಬುದರಲ್ಲಿಯೇ ಯಾರು ಮನೆಯವರು ಎಂಬ ತೀರ್ಮಾನವೂ ಅಡಗಿರುತ್ತದೆ.

ಆಮೇಲೆ ಈ ಚಿತ್ರ ಸಂಗ್ರಹಾಲಯದ ಗೋಡೆಯಲ್ಲಿ ಮಾತ್ರ ಉಳಿಯಲಿಲ್ಲ. ಪಠ್ಯಪುಸ್ತಕಗಳಲ್ಲಿ ತಲೆಮಾರುಗಳ ಕಾಲ ಅಚ್ಚಾಯಿತು. ಬ್ರೆಜಿಲಿನ ಹಳೆಯ 1,000 ಕ್ರುಜೇರೊ ನೋಟಿನ ಹಿಂಬದಿಯಲ್ಲಿಯೂ ಬಂತು. ಹೀಗೆ ನೋಡಿ ನೋಡಿ ಅದು ಘಟನೆಯ ಛಾಯಾಚಿತ್ರವೇ ಎಂಬಂತಾಯಿತು. ನಮ್ಮಲ್ಲಿಯೂ ಇದೇ ಆಗಿದೆ. ವಾಸ್ಕೊ ಡ ಗಾಮ ಕಲ್ಲಿಕೋಟೆಯ ದೊರೆ ಸಾಮೂದಿರಿಯ ಎದುರು ನಿಂತಿರುವ ಜನಪ್ರಿಯ ಚಿತ್ರವನ್ನು ನೀವೂ ಬಳಸಿರುತ್ತೀರಿ. ವೆಲೊಜೊ ಸಾಲ್ಗಾದೊ ಎಂಬ ಪೋರ್ಚುಗೀಸ್ ಕಲಾವಿದ ಅದನ್ನು ರಚಿಸಿದ್ದು 1898ರಲ್ಲಿ, ಗಾಮನ ಯಾನದ ನಾನೂರನೆಯ ವರ್ಷದಲ್ಲಿ. ಅದರ ಕೆಳಗೆ ಆ ಇಸವಿಯನ್ನು ಅಚ್ಚು ಹಾಕಿದ ಶಾಲಾ ಪುಸ್ತಕವನ್ನು ನಾನು ಕಂಡಿಲ್ಲ.

ಈಗ ನಕಲಿನ ಆರೋಪ. ಫ್ರೆಂಚ್ ಕಲಾವಿದ ಒರಾಸ್ ವೆರ್ನೆ 1854ರಲ್ಲಿ ‘ಕಬೀಲಿಯದಲ್ಲಿ ಮೊದಲ ಬಲಿಪೂಜೆ’ ಎಂಬ ಚಿತ್ರ ರಚಿಸಿದ್ದರು. ಅದು ಈಗ ಸ್ವಿಟ್ಜರ್‌ಲೆಂಡಿನ ಲೋಸಾನ್ ನಗರದ ಸಂಗ್ರಹಾಲಯದಲ್ಲಿದೆ. ಅಲ್ಜೀರಿಯವನ್ನು ಗೆಲ್ಲುತ್ತಿದ್ದ ಫ್ರೆಂಚ್ ಸೇನೆ ಅಲ್ಲಿನ ಬೆಟ್ಟಗಳ ನಡುವೆ ಬಯಲಿನಲ್ಲಿ ಪೂಜೆ ನಡೆಸಿದ ದೃಶ್ಯ ಅದು. ಎತ್ತರದಲ್ಲಿ ಬಲಿಪೀಠ, ಅದರ ಮೇಲೆ ಶಿಲುಬೆ, ಕೈಯೆತ್ತಿದ ಗುರು, ಸುತ್ತ ಮಂಡಿಯೂರಿದವರು: ಎರಡನ್ನೂ ಪಕ್ಕದಲ್ಲಿಟ್ಟರೆ ಹೋಲಿಕೆ ಕಣ್ಣಿಗೆ ರಾಚುತ್ತದೆ. ಮೈರೆಲೆಸ್ ಆ ಚಿತ್ರವನ್ನು ಬಲ್ಲವರಾಗಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ. 1879ರ ರಿಯೊ ಪ್ರದರ್ಶನದ ಸುತ್ತ ಎದ್ದ ದೊಡ್ಡ ಕಲಾವಿವಾದದ ದಿನಗಳಲ್ಲಿ ಪತ್ರಿಕೆಗಳಲ್ಲಿ ಕೃತಿಚೌರ್ಯದ ಮಾತು ಜೋರಾಗಿಯೇ ಕೇಳಿಬಂತು.

ಆದರೂ ಇದನ್ನು ಕಳವು ಎನ್ನಲಾರೆ. ಹತ್ತೊಂಬತ್ತನೆಯ ಶತಮಾನದ ಅಕಾಡೆಮಿ ವಿದ್ಯಾರ್ಥಿಗೆ ಹಿರಿಯರ ಕೃತಿಗಳ ಪ್ರತಿ ಮಾಡುವುದು ಕಡ್ಡಾಯ ಪಾಠವಾಗಿತ್ತು. ವೇತನ ಪಡೆಯುತ್ತಿದ್ದ ಮೈರೆಲೆಸ್ ಅಂಥ ಪ್ರತಿಗಳನ್ನು ಮಾಡಿ ರಿಯೊಗೆ ಕಳುಹಿಸಬೇಕಿತ್ತು. ಇತಿಹಾಸಚಿತ್ರದಲ್ಲಿ ಗುರುತಿಸಬಲ್ಲ ವಿನ್ಯಾಸವೊಂದನ್ನು ಎತ್ತಿಕೊಂಡು ಹೊಸ ಸಂದರ್ಭದಲ್ಲಿ ಬೆಳೆಸುವುದು ಸಾಮರ್ಥ್ಯದ ಲಕ್ಷಣವೆನಿಸುತ್ತಿತ್ತು. ಸಂಗೀತಗಾರನೊಬ್ಬ ಗುರುವಿನಿಂದ ಬಂದ ಚೀಜನ್ನೇ, ಅಂದರೆ ಹಾಡಿನ ರಚನೆಯನ್ನೇ, ಹಿಡಿದು ತನ್ನ ದಾರಿಯಲ್ಲಿ ವಿಸ್ತರಿಸುವುದನ್ನು ನಾವು ಕಳವು ಎನ್ನುವುದಿಲ್ಲವಷ್ಟೆ. ಮೈರೆಲೆಸ್ ಚಿತ್ರವನ್ನು ಅಡ್ಡಲಾಗಿ ಹರಡಿ, ಜನವನ್ನು ವರ್ತುಲದಲ್ಲಿ ಜೋಡಿಸಿ, ಮುನ್ನೆಲೆಯನ್ನೆಲ್ಲ ಮೂಲನಿವಾಸಿಗಳಿಗೆ ಬಿಟ್ಟುಕೊಟ್ಟು, ಬೆಳಕನ್ನು ಮೃದುಗೊಳಿಸಿದ್ದಾರೆ. ಆಕೃತಿಗಳಿಗಾಗಿ ಅವರು ಮಾಡಿದ ಹಲವಾರು ಅಭ್ಯಾಸ ರೇಖಾಚಿತ್ರಗಳು ಇಂದಿಗೂ ಉಳಿದಿವೆ. ಬರೀ ನಕಲು ಮಾಡುವವರಿಗೆ ಅಷ್ಟು ಶ್ರಮದ ಅಗತ್ಯ ಬೀಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆಯದು. ವೆರ್ನೆಯ ಚಿತ್ರ ಸೇನೆಯೊಂದು ಹೊಸದಾಗಿ ಗೆಲ್ಲುತ್ತಿದ್ದ ನೆಲದ ಮೇಲೆ ಹಾಕಿದ ಮುದ್ರೆ. ಆ ವಿನ್ಯಾಸವನ್ನು ಎರವಲು ತಂದಾಗ ಅದರೊಂದಿಗೆ ಆ ನೋಟವೂ ಬಂತು. 1500ರ ಬ್ರೆಜಿಲ್ ತೀರವನ್ನು ಮೈರೆಲೆಸ್ ತಮ್ಮದೇ ದಶಕದ ವಸಾಹತುಶಾಹಿಯ ಕಣ್ಣಿನಿಂದ ನೋಡಿದರು ಎಂಬುದಕ್ಕೆ ಈ ಹೋಲಿಕೆ ಸಾಕ್ಷಿ. ಕಳವಿನ ಚರ್ಚೆಯಲ್ಲಿ ಈ ಮಾತು ಮುಚ್ಚಿಹೋಗುತ್ತದೆ.

ಬ್ರೆಜಿಲಿನವರೇ ಈ ಚಿತ್ರಕ್ಕೆ ಕೊಟ್ಟ ಉತ್ತರಗಳೂ ಇವೆ. 1948ರಲ್ಲಿ ಕಾಂಡಿಡೊ ಪೋರ್ತಿನಾರಿ ರಿಯೊದ ಬ್ಯಾಂಕೊಂದರ ಕಟ್ಟಡಕ್ಕಾಗಿ, ಉರುಗ್ವೆಯಲ್ಲಿ ನೆಲೆಸಿದ್ದಾಗ, ಅದೇ ಹೆಸರಿನ ಭಾರಿ ಚಿತ್ರವೊಂದನ್ನು ರಚಿಸಿದರು. ಅದರಲ್ಲಿ ಕಾಡಿಲ್ಲ, ಮೂಲನಿವಾಸಿಗಳೂ ಇಲ್ಲ. ತೀಕ್ಷ್ಣ ಬಣ್ಣದ ಪಟ್ಟಿಗಳ ನಡುವೆ ಬಂದವರು ಮಾತ್ರ ತಮ್ಮ ಪೂಜೆಯನ್ನು ತಾವು ಮಾಡಿಕೊಳ್ಳುತ್ತಿದ್ದಾರೆ. 2000ದ ಏಪ್ರಿಲ್ 26ರಂದು ಕೊರೊವಾ ವೆರ್ಮೆಲ್ಯದಲ್ಲಿ ಐನೂರನೆಯ ವರ್ಷದ ಬಲಿಪೂಜೆ ನಡೆದಾಗ, ಅದೇ ತೀರದಲ್ಲಿ ಇಂದೂ ವಾಸಿಸುವ ಪತಷೊ ಸಮುದಾಯದ ಯುವಕನೊಬ್ಬ ಮುಂದೆ ಬಂದು ತನ್ನ ಜನರ ಐನೂರು ವರ್ಷಗಳ ನೋವನ್ನು ಎಲ್ಲರ ಎದುರು ಹೇಳಿದ. ಅದಕ್ಕೆ ನಾಲ್ಕು ದಿನ ಮೊದಲು ಮೂಲನಿವಾಸಿಗಳ ಮೆರವಣಿಗೆಯನ್ನು ಪೊಲೀಸರು ಅಶ್ರುವಾಯು ಪ್ರಯೋಗಿಸಿ ತಡೆದಿದ್ದರು. ಮೈರೆಲೆಸ್ ಚಿತ್ರದ ನೆರಳಿನಲ್ಲಿ ಕುಳಿತವರ ಕಡೆಯಿಂದ ಮಾತು ಕೇಳಿಬಂದ ಸಂದರ್ಭವಿದು. ನಿಮ್ಮ ಭಿತ್ತಿಪತ್ರದಲ್ಲಿ ಇದಕ್ಕೆ ಎರಡು ಸಾಲು ಇರಲೇಬೇಕು.

ಇನ್ನು ನಿಮ್ಮ ಮುಂದಿರುವ ದಾರಿಗಳು. ಚಿತ್ರವನ್ನು ಬಿಟ್ಟೇಬಿಡುವುದು ಸುಲಭ; ಯಾರ ಆಕ್ಷೇಪವೂ ಬರುವುದಿಲ್ಲ. ಆದರೆ ಮಕ್ಕಳು ಇದನ್ನೋ ಇಂಥದ್ದನ್ನೋ ಮೊಬೈಲಿನಲ್ಲಿ ಯಾವ ವಿವರಣೆಯೂ ಇಲ್ಲದೆ ನೋಡಿಯೇ ನೋಡುತ್ತಾರೆ, ಆಗ ಪಕ್ಕದಲ್ಲಿ ನೀವಿರುವುದಿಲ್ಲ. ಚಿತ್ರವನ್ನು ಮಾತ್ರ ದೊಡ್ಡದಾಗಿ ಹಾಕಿ ಕೆಳಗೆ ಹೆಸರು ಬರೆಯುವುದು ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಅದು ದಾಖಲೆ ಎಂಬ ಮೊದಲ ಸಹೋದ್ಯೋಗಿಯ ಮಾತನ್ನೇ ಗೋಡೆಯ ಮೇಲೆ ಬರೆದಂತಾಗುತ್ತದೆ. ಮೂರನೆಯದು ಬಹಳ ಜನ ಮಾಡುವ ಕೆಲಸ: ಜಾಗ ಸಾಲದೆಂದು ನಡುವಿನ ಬಲಿಪೀಠ ಮತ್ತು ಶಿಲುಬೆಯ ಭಾಗವನ್ನಷ್ಟೇ ಕತ್ತರಿಸಿಕೊಳ್ಳುವುದು. ದಯವಿಟ್ಟು ಹಾಗೆ ಮಾಡಬೇಡಿ. ಮುನ್ನೆಲೆಯ ಜನ ಹೋದರೆ ಅದು ಬರೀ ಭಕ್ತಿಚಿತ್ರವಾಗುತ್ತದೆ, ಆಗ ಪೋಷಕರ ಆಕ್ಷೇಪಕ್ಕೆ ಬಲ ಬರುತ್ತದೆ.

ನಾನು ಸೂಚಿಸುವುದು ಪೂರ್ಣ ಚಿತ್ರವನ್ನೂ ಪತ್ರದ ಮೂರು ಸಂಗತಿಗಳನ್ನೂ ಒಂದೇ ಹಾಳೆಯಲ್ಲಿ, ಸಮಾನ ಜಾಗ ಕೊಟ್ಟು ಹಾಕುವುದು: ಕಬ್ಬಿಣದ ಉಪಕರಣ, ಒಟ್ಟಿಗೆ ಮಂಡಿಯೂರಿದ್ದು, ಆಕಾಶ ತೋರಿಸಿದ ಹಿರಿಯ. ಇವುಗಳಲ್ಲಿ ಯಾವುದು ಚಿತ್ರದಲ್ಲಿದೆ, ಯಾವುದು ಇಲ್ಲ ಎಂದು ಮಕ್ಕಳೇ ಹುಡುಕಲಿ. ಇದರಲ್ಲಿಯೂ ಒಂದು ಅಪಾಯವುಂಟು. ಚಿತ್ರದ ತಪ್ಪು ಹಿಡಿಯುವ ಭರದಲ್ಲಿ ಪತ್ರವೇ ಪರಮಸತ್ಯ ಎಂಬ ಭಾವನೆ ಬಂದುಬಿಡಬಹುದು. ಆದ್ದರಿಂದ ಪತ್ರ ಬರೆದವನು ಯಾರು, ಯಾರಿಗೆ ಬರೆದ, ಏನು ಕೇಳಿಕೊಂಡ ಎಂಬುದನ್ನೂ ಅಲ್ಲೇ ಬರೆಯಿರಿ. ವೆರ್ನೆಯ ಚಿತ್ರದ ಸಣ್ಣ ಪ್ರತಿಯನ್ನು ಪಕ್ಕದಲ್ಲಿ ಹಾಕಬಹುದು. ವೆರ್ನೆಯೂ 1903ರಲ್ಲಿ ತೀರಿಕೊಂಡ ಮೈರೆಲೆಸ್ ಅವರೂ ಹಳಬರಾದ್ದರಿಂದ ಹಕ್ಕಿನ ತೊಡಕಿಲ್ಲ. ಪೋರ್ತಿನಾರಿ ತೀರಿಕೊಂಡದ್ದು 1962ರಲ್ಲಿ, ಬ್ರೆಜಿಲಿನ ಕಾನೂನಿನಲ್ಲಿ ಕಲಾವಿದರ ನಂತರ 70 ವರ್ಷ ಹಕ್ಕು ಉಳಿಯುತ್ತದೆ; ಅವರ ಚಿತ್ರವನ್ನು ಮಾತಿನಲ್ಲಿ ವರ್ಣಿಸಿದರೆ ಸಾಕು.

ಮುದ್ರಣದ ಬಗ್ಗೆಯೂ ಒಂದು ಎಚ್ಚರಿಕೆ. ಮೂಲನಿವಾಸಿಗಳೆಲ್ಲ ನೆರಳಿನ ಕಂದು ಬಣ್ಣದಲ್ಲಿದ್ದಾರೆ. ಅಗ್ಗದ ಫ್ಲೆಕ್ಸ್‌ನಲ್ಲಿ, ಕಪ್ಪುಬಿಳುಪು ಜೆರಾಕ್ಸ್‌ನಲ್ಲಂತೂ ಹೇಳುವುದೇ ಬೇಡ, ಆ ಭಾಗ ಒಂದೇ ಕಪ್ಪು ಮುದ್ದೆಯಾಗಿ, ಬಲಿಪೀಠ ಮಾತ್ರ ಬೆಳ್ಳಗೆ ಉಳಿಯುತ್ತದೆ. ಕತ್ತರಿ ಹಾಕದೆಯೇ ಅವರನ್ನು ಕತ್ತರಿಸಿದಂತಾಗುತ್ತದೆ. ಮೊದಲು ಚಿಕ್ಕ ಬಣ್ಣದ ಪ್ರತಿಯೊಂದನ್ನು ತೆಗೆಸಿ, ಮುಂದಿನ ಸಾಲಿನವರ ಮುಖಗಳು ಬೇರೆಬೇರೆಯಾಗಿ ಕಾಣುತ್ತವೆಯೇ ಎಂದು ನೋಡಿ, ಬೇಕಿದ್ದರೆ ನೆರಳನ್ನು ತುಸು ತಿಳಿಗೊಳಿಸಿ ನಂತರ ದೊಡ್ಡದು ಮಾಡಿಸಿ.

ಪೋಷಕರೊಂದಿಗೆ ನೇರವಾಗಿ ಮಾತಾಡಿ. ಪೂಜೆಯ ಚಿತ್ರವೆಂಬ ಕಾರಣಕ್ಕೆ ಇದನ್ನು ಹಾಕುತ್ತಿಲ್ಲ, ದೇಶವೊಂದು ತನ್ನ ಆರಂಭವನ್ನು ಹೇಗೆ ಚಿತ್ರಿಸಿಕೊಂಡಿತು ಎಂದು ಪರಿಶೀಲಿಸಲು ಹಾಕುತ್ತಿದ್ದೇನೆ ಎಂದು ಹೇಳಿ, ಸಿದ್ಧವಾದ ಹಾಳೆಯನ್ನೇ ಅವರಿಗೆ ಮೊದಲು ತೋರಿಸಿ. ಜೊತೆಗೆ, ತರಗತಿಯಲ್ಲಿರುವ ಕ್ರೈಸ್ತ ಮಕ್ಕಳ ಪಾಲಿಗೆ ಚಿತ್ರದ ನಡುವಿನ ಆ ಘಳಿಗೆ ಇಂದಿಗೂ ಜೀವಂತ ಶ್ರದ್ಧೆಯ ವಿಷಯ. ವಿಮರ್ಶೆ ಚಿತ್ರದ ಇತಿಹಾಸಕ್ಕೆ ಸಲ್ಲಬೇಕು, ಅವರ ಪೂಜೆಗೆ ತಾಗಬಾರದು.

ಅಂಜುದೀವದ ಹಾಳೆಗೆ ಈ ಚಿತ್ರವನ್ನು ಬಳಸಬೇಡಿ, ಅಲ್ಲಿ ನಕ್ಷೆಯೊಂದು ಸಾಕು. ಲಿಸ್ಬನ್ ಬಿಟ್ಟ 13 ಹಡಗುಗಳಲ್ಲಿ ಒಂದು ದಾರಿಯಲ್ಲಿ ಕಾಣೆಯಾಯಿತು, ಒಂದು ಕಾಮಿನ್ಯನ ಪತ್ರ ಹೊತ್ತು ಬ್ರೆಜಿಲಿನಿಂದ ಹಿಂದಿರುಗಿತು, ಆಫ್ರಿಕಾದ ದಕ್ಷಿಣ ತುದಿಯ ಬಳಿ ಬಿರುಗಾಳಿಗೆ ಸಿಕ್ಕಿ ನಾಲ್ಕು ಮುಳುಗಿದವು, ಒಂದು ಗುಂಪಿನಿಂದ ಬೇರ್ಪಟ್ಟಿತು. ಉಳಿದ ಆರು ಆಗಸ್ಟ್‌ನಲ್ಲಿ ಅಂಜುದೀವದ ಬಳಿ ತಂಗಿ, ನೀರು ಸೌದೆ ತುಂಬಿಕೊಂಡು, ದುರಸ್ತಿ ಮಾಡಿಕೊಂಡು ಸೆಪ್ಟೆಂಬರ್‌ನಲ್ಲಿ ಕಲ್ಲಿಕೋಟೆ ಸೇರಿದವು. ಡಿಸೆಂಬರ್‌ನಲ್ಲಿ ಅಲ್ಲಿನ ಪೋರ್ಚುಗೀಸ್ ಕೋಠಿಯ (ವ್ಯಾಪಾರದ ಮಳಿಗೆಯ) ಮೇಲೆ ನಡೆದ ದಾಳಿಯಲ್ಲಿ ಸತ್ತವರಲ್ಲಿ ಕಾಮಿನ್ಯನೂ ಒಬ್ಬ. ಗುರು ಎನ್ರಿಕೆ ಗಾಯಗೊಂಡು ಪಾರಾದರು. ಮೇ ತಿಂಗಳ ಆ ಶಾಂತ ಚಿತ್ರದ ಮುಂದುವರಿದ ಭಾಗ ನಮ್ಮ ಕರಾವಳಿಯಲ್ಲಿ ಹೀಗಿತ್ತು ಎಂಬುದು ಮಕ್ಕಳಿಗೆ ತಿಳಿಯಲಿ.

ಅಡಿಬರಹ ಹೀಗಿರಬಹುದು: ‘ಬ್ರೆಜಿಲಿನಲ್ಲಿ ಮೊದಲ ಬಲಿಪೂಜೆ. ಚಿತ್ರಕಾರ ವಿಕ್ತೋರ್ ಮೈರೆಲೆಸ್, ಪ್ಯಾರಿಸ್, 1860. ಘಟನೆ ನಡೆದ 360 ವರ್ಷಗಳ ನಂತರ ರಚಿಸಿದ್ದು. ಇಲ್ಲಿ ಕಾಣುವುದು 1500ರ ಮೇ 1ರಂದು ನಡೆದ ಎರಡನೆಯ ಪೂಜೆ. ಪೋರ್ಚುಗೀಸ್ ಬರಹಗಾರನ ಪತ್ರವನ್ನು ಆಧರಿಸಿದೆ; ಮೂಲನಿವಾಸಿಗಳು ಬರೆದ ದಾಖಲೆ ಇಲ್ಲ.’ ಇದನ್ನು ಚಿತ್ರದ ಕೆಳಗಲ್ಲ, ಮೇಲೆ, ಶೀರ್ಷಿಕೆಯಷ್ಟೇ ದಪ್ಪ ಅಕ್ಷರಗಳಲ್ಲಿ ಬರೆಸಿ.